ಸಾವಿರ ಪತ್ರ ಬೇಡ, ಹತ್ತು ಸಾಕು!

(ಸ್ವಂತ ಕಚೇರಿ ತೆರೆದಿರುವ, ತೆರೆಯಬೇಕೆಂದಿರುವ ಯುವಕ ಯುವತಿಯರಿಗಾಗಿ ಕುಂದಾಪುರದಲ್ಲಿ ನಡೆದ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ. ಅವರಿಗೆ ಕೊಟ್ಟಿದ್ದ ವಿಷಯ: ಗಿರಾಕಿಗೆ ಬರೆಯುವ ಮೊದಲ ಪತ್ರ.)

ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕುಗಳಿಂದ ಬಂದಿರುವ ತಮ್ಮಂದಿರೇ, ತಂಗಿಯರೇ,

ನಾನು ಪಿ.ಯು.ಸಿ.ವರೆಗೆ ಓದಿದವನು. ನಿಮ್ಮಲ್ಲಿ ಬಿ.ಕಾಂ. ಆದವರಿದ್ದೀರಿ, ಎಂಜಿನಿಯರುಗಳಿದ್ದೀರಿ, ಎಂ.ಬಿ.ಎ. ಮಾಡಿದವರಿದ್ದೀರಿ. ನಮಗೆ ಪಾಠ ಹೇಳಲು ಇವನ್ಯಾರು ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಒಂದು ಮಾತು. ನಮ್ಮ ಅಪ್ಪ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು. ನನ್ನ ಕೈಗೆ ಬರುವಾಗ ಆಫ್‌ಸೆಟ್ ಬಂದಿತ್ತು. ಯಂತ್ರ ಬದಲಾಯಿತು, ಕೆಲಸ ಬದಲಾಗಲಿಲ್ಲ. ಮದುವೆ ಕಾಗದ, ಆಟದ ಕರಪತ್ರ, ಲೆಟರ್‌ಹೆಡ್, ವಿಸಿಟಿಂಗ್ ಕಾರ್ಡು, ಬಿಲ್ ಪುಸ್ತಕ. ಹೊಸ ಅಂಗಡಿ ಇಡುವವರು, ಹೊಸ ಆಫೀಸು ತೆರೆಯುವವರು ಮೊದಲು ಬರುವುದು ನಮ್ಮಲ್ಲಿಗೆ. ಅವರು ಬರೆದದ್ದನ್ನು ಅವರ ಗಿರಾಕಿಗಿಂತ ಮೊದಲು ಓದುವವನು ನಾನು. ಕರಡು ತಿದ್ದುವವನು ನಾನು. ಅವರ ವ್ಯಾಪಾರ ಹಿಡಿಯಿತೋ ಇಲ್ಲವೋ ಎಂಬುದು ನನಗೆ ಹೇಗೆ ತಿಳಿಯುತ್ತದೆ ಗೊತ್ತೇ? ಎರಡನೇ ಸಲ ಬಿಲ್ ಪುಸ್ತಕ ಮಾಡಿಸಲು ಬಂದರೆ ಹಿಡಿಯಿತು. ಬಾರದಿದ್ದರೆ ಮುಗಿಯಿತು!

ಎಷ್ಟು ಜನ ಎರಡನೇ ಸಲ ಬರುವುದಿಲ್ಲ ಎಂಬುದನ್ನು ನೋಡಿದವನು ನಾನು. ಅದಕ್ಕೇ ಇವತ್ತು ಈ ಮೈಕಿನ ಮುಂದೆ ನಿಂತಿದ್ದೇನೆ.

ಸಾವಿರ ಪತ್ರದ ಕಥೆ

ಕೆಲವು ವರ್ಷಗಳ ಹಿಂದೆ ಬೈಂದೂರು ಕಡೆಯ ಒಬ್ಬ ಹುಡುಗ ನಮ್ಮ ಪ್ರೆಸ್ಸಿಗೆ ಬಂದ. ಎಂಜಿನಿಯರಿಂಗ್ ಓದಿದವ. ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದು, ಅಪ್ಪ ಅಮ್ಮ ಇರುವ ಊರಿನಲ್ಲೇ ಬದುಕಬೇಕು ಎಂದು ಹಿಂದೆ ಬಂದವ. ಕಾರ್ಖಾನೆಗಳ ಕರೆಂಟು ಖರ್ಚು ತಗ್ಗಿಸುವ ಸಲಹೆ ಕೊಡುವುದು ಅವನ ಕೆಲಸ. ನೀವೇ ಯೋಚಿಸಿ. ನಮ್ಮಲ್ಲಿ ಗೇರುಬೀಜದ ಕಾರ್ಖಾನೆಗಳಿಲ್ಲವೇ? ಅಕ್ಕಿ ಮಿಲ್ಲುಗಳಿಲ್ಲವೇ? ಗಂಗೊಳ್ಳಿಯಲ್ಲಿ ಐಸ್ ಪ್ಲಾಂಟುಗಳಿಲ್ಲವೇ? ಅವನ ವಿದ್ಯೆ ನಮ್ಮ ಊರಿಗೆ ಬೇಕಾದ ವಿದ್ಯೆಯೇ ಆಗಿತ್ತು.

ಅವನು ಒಂದು ಪತ್ರ ಬರೆದು ತಂದಿದ್ದ. ಪೂರ್ತಿ ಇಂಗ್ಲಿಷ್. ಆರ್ಟ್ ಪೇಪರಿನಲ್ಲಿ, ನಾಲ್ಕು ಬಣ್ಣದಲ್ಲಿ, ಸಾವಿರ ಪ್ರತಿ ಬೇಕು ಎಂದ. ಮೊದಲ ಸಾಲು ನನಗೆ ಈಗಲೂ ನೆನಪಿದೆ. ‘ವಿ ಆರ್ ಎ ಲೀಡಿಂಗ್ ಎನರ್ಜಿ ಸೊಲ್ಯೂಷನ್ಸ್ ಕಂಪೆನಿ.’ ಲೀಡಿಂಗ್! ಕಂಪೆನಿಯಲ್ಲಿ ಇದ್ದದ್ದು ಅವನೊಬ್ಬನೇ. ಮುಂದೆ ಒಂದು ಪುಟದ ತುಂಬ ನಾವು ಇಂಥವರು, ನಮ್ಮ ಗುರಿ ಇಂಥದ್ದು, ನಮ್ಮ ದೃಷ್ಟಿ ಇಂಥದ್ದು. ಓದುವವನ ವಿಷಯ ಒಂದು ಸಾಲೂ ಇಲ್ಲ.

ನನಗೆ ಓದುವಾಗಲೇ ಅನ್ನಿಸಿತು, ಇದು ನಡೆಯುವುದಿಲ್ಲ ಎಂದು. ಆದರೆ ನಾನು ಬಾಯಿ ಬಿಡಲಿಲ್ಲ. ಸಾವಿರ ಪ್ರತಿಯ ಆರ್ಡರು ನೋಡಿ! ಬಾಯಿ ಬಿಟ್ಟರೆ ಆರ್ಡರು ಹೋಗುತ್ತದಲ್ಲ! ಅಚ್ಚು ಹಾಕಿದೆ, ಅರ್ಧ ಹಣ ತೆಗೆದುಕೊಂಡೆ.

ಎರಡು ತಿಂಗಳು ಕಳೆಯಿತು. ಗೇರುಬೀಜದ ಕಾರ್ಖಾನೆಯ ಒಬ್ಬ ಮಾಲೀಕರು ಬಿಲ್ ಪುಸ್ತಕಕ್ಕೆಂದು ಬಂದರು. ಆ ಹುಡುಗನ ಪತ್ರ ಬಂದಿತೇ ಎಂದು ಕೇಳಿದೆ. ‘ಎಂತದೋ ಇಂಗ್ಲಿಷಲ್ಲಿ ಬಂದಿತ್ ಮಾರಾಯ, ಯಾವ್ದೋ ಬ್ಯಾಂಕಿನ ಲೋನಿಂದ್ ಇರ್ಕ್ ಅಂದ್ಕಂಡೆ’ ಎಂದರು. ಆಮೇಲೆ ಅದೇ ಬಾಯಿಯಲ್ಲಿ ಅರ್ಧ ಗಂಟೆ ಏನು ಹೇಳಿಕೊಂಡರು ಗೊತ್ತೇ? ಕರೆಂಟು ಬಿಲ್ಲಿನ ಗೋಳು!

ಎಂಟು ತಿಂಗಳಲ್ಲಿ ಹುಡುಗ ಬಾಗಿಲು ಹಾಕಿದ. ಬೆಂಗಳೂರಿಗೆ ಹೋಗುವ ಮುಂಚೆ ನಮ್ಮ ಪ್ರೆಸ್ಸಿಗೆ ಬಂದ. ಯಾಕೆ? ನನಗೆ ಕೊಡಬೇಕಿದ್ದ ಉಳಿದ ಅರ್ಧ ಹಣ ಕೊಡಲು! ಎಣಿಸಿ ಕೊಟ್ಟು, ‘ಅಣ್ಣ, ನಮ್ಮಂಥವರಿಗೆ ಊರಲ್ಲಿ ಕೆಲಸ ಇಲ್ಲ’ ಎಂದ. ಕೆಲಸ ಇತ್ತು. ಅವನ ಪತ್ರವೇ ಕೆಲಸ ಇದ್ದವರ ಕೈಗೆ ಸೇರಿಯೂ ಸೇರದೆ ಹೋಗಿತ್ತು. ಅದು ಗೊತ್ತಿದ್ದೂ ನಾನು ಹಣ ತೆಗೆದುಕೊಂಡು ಸುಮ್ಮನೆ ನಿಂತೆ. ಬಂಧುಗಳೇ, ಆ ಹಣ ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ನನ್ನನ್ನೇ ಗಿರಾಕಿ ಮಾಡಿಕೊಂಡ ಪತ್ರ

ಈಗ ಇನ್ನೊಂದು ಪತ್ರದ ಕಥೆ ಹೇಳುತ್ತೇನೆ. ಇದು ನನಗೇ ಬಂದ ಪತ್ರ. ಬ್ರಹ್ಮಾವರ ಕಡೆಯ ಒಬ್ಬ ಹೆಣ್ಣುಮಗಳು ಬಿ.ಕಾಂ. ಮುಗಿಸಿ, ಲೆಕ್ಕಪತ್ರ ಮತ್ತು ಜಿ.ಎಸ್.ಟಿ. ಕೆಲಸ ಹಿಡಿದಿದ್ದಳು. ಅವಳು ಬರೆದದ್ದು ಅರ್ಧ ಪುಟ. ಬಿಳಿ ಕಾಗದ, ಕೈಬರಹ. ನನ್ನ ಪ್ರೆಸ್ಸಿಗೆ ಅಚ್ಚಿನ ಕೆಲಸವೂ ಸಿಗಲಿಲ್ಲ! ಆ ಪತ್ರ ನನ್ನ ಡ್ರಾಯರಿನಲ್ಲಿ ಈಗಲೂ ಇದೆ. ಓದುತ್ತೇನೆ, ಕೇಳಿ:

‘ಮಾನ್ಯರೇ, ಕಳೆದ ತಿಂಗಳು ಅಣ್ಣನ ಮದುವೆ ಕಾಗದ ಮಾಡಿಸಲು ನಿಮ್ಮಲ್ಲಿಗೆ ಬಂದಿದ್ದೆ. ನೀವು ಫೋನಿನಲ್ಲಿ ಯಾರಲ್ಲೋ ಹಳೆಯ ಬಾಕಿ ಕೇಳುತ್ತಿದ್ದುದು ಕಿವಿಗೆ ಬಿತ್ತು, ಕ್ಷಮಿಸಿ. 2006ರ ಎಂ.ಎಸ್.ಎಂ.ಇ. ಕಾನೂನಿನ ಪ್ರಕಾರ ನೋಂದಣಿಯಾದ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು, ಕರಾರಿನಲ್ಲಿ ಏನೇ ಬರೆದಿರಲಿ, 45 ದಿನದೊಳಗೆ ಕೊಡಬೇಕು. ಕರಾರೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಸೇರುತ್ತದೆ. ನಿಮ್ಮ ಪ್ರೆಸ್ಸಿಗೆ ಉದ್ಯಮ್ ನೋಂದಣಿ ಇದೆಯೇ? ಇಲ್ಲದಿದ್ದರೆ ಮಾಡಿಸಿಕೊಳ್ಳಿ, ಅದಕ್ಕೆ ಸರ್ಕಾರಕ್ಕೆ ಶುಲ್ಕ ಇಲ್ಲ. ನಾನು ಮಾಡಿಕೊಟ್ಟರೆ ನನ್ನ ಕೂಲಿ 500 ರೂಪಾಯಿ. ಹಳೆಯ ಬಾಕಿಗೆ ಈ ಕಾನೂನು ಹಿಡಿಯುವುದು ಕಷ್ಟ, ಮುಂದಿನ ಬಿಲ್ಲುಗಳಿಗೆ ಅನುಕೂಲ. ಬುಧವಾರ ಸಂಜೆ ಕುಂದಾಪುರಕ್ಕೆ ಬರುತ್ತೇನೆ. ಹತ್ತು ನಿಮಿಷ ಸಿಗುತ್ತೀರಾ?’

ಅಷ್ಟೇ! ನಾನು ಆ ಬುಧವಾರ ನಾಲ್ಕು ಗಂಟೆಗೇ ಕಾಯುತ್ತಾ ಕುಳಿತಿದ್ದೆ. ಒಂದು ದೊಡ್ಡ ಸಂಸ್ಥೆ ನನ್ನ 84,000 ರೂಪಾಯಿ ಹಿಡಿದುಕೊಂಡು ಐದು ತಿಂಗಳಾಗಿತ್ತು. ಕಾಗದದ ಅಂಗಡಿಯವರು ನನ್ನ ಕುತ್ತಿಗೆಗೆ ಬಂದಿದ್ದರು. ಆ ಹಳೆಯ ಹಣಕ್ಕೆ ನಾನು ಅಲೆದೇ ಅಲೆದೆ, ಅದರಲ್ಲಿ ಪವಾಡ ಏನೂ ಆಗಲಿಲ್ಲ. ಆದರೆ ನೋಂದಣಿ ಆದ ಮೇಲೆ ನನ್ನ ಪ್ರತಿ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಯಿತು, 45 ದಿನದ ನಿಯಮವೂ ಅಚ್ಚಾಯಿತು. ಅದೇ ಸಂಸ್ಥೆಯ ಮುಂದಿನ ಬಿಲ್ಲಿನ ಹಣ ನಲವತ್ತನೇ ದಿನಕ್ಕೆ ಬಂತು. 500 ರೂಪಾಯಿಯಲ್ಲಿ ಸುರುವಾದ ಲೆಕ್ಕ. ಇವತ್ತು ನನ್ನ ಪ್ರೆಸ್ಸಿನ ಜಿ.ಎಸ್.ಟಿ., ಪುಸ್ತಕ, ಸಂಬಳದ ಲೆಕ್ಕ ಎಲ್ಲ ಅವಳದ್ದೇ. ನಾನು ಇನ್ನೂ ನಾಲ್ಕು ಅಂಗಡಿಯವರನ್ನು ಅವಳಲ್ಲಿಗೆ ಕಳಿಸಿದ್ದೇನೆ.

ಆ ಪತ್ರದಲ್ಲಿ ಇದ್ದದ್ದೇನು?

ಮೊದಲನೆಯದು, ಅದು ನನಗೇ ಬರೆದ ಪತ್ರ. ಹೆಸರು ಬದಲಾಯಿಸಿ ಪಕ್ಕದ ಬೇಕರಿಗೆ ಕಳಿಸಲು ಬರುವಂಥದ್ದಲ್ಲ. ನಿಮ್ಮ ಪತ್ರವನ್ನು ಹೀಗೆ ಪರೀಕ್ಷೆ ಮಾಡಿ: ಮೇಲಿನ ಹೆಸರು ಅಳಿಸಿ ಬೇರೆ ಹೆಸರು ಬರೆದರೂ ಅರ್ಥ ಕೊಡುತ್ತದೆಯೇ? ಕೊಟ್ಟರೆ ಅದು ಪತ್ರವಲ್ಲ, ಕರಪತ್ರ. ಕರಪತ್ರ ಆಟಕ್ಕೆ ಸರಿ. ಇವತ್ತು ರಾತ್ರಿ ಇಂಥ ಬಯಲಿನಲ್ಲಿ ಇಂಥ ಪ್ರಸಂಗ ಎಂದರೆ ಊರಿಗೆಲ್ಲ ಒಂದೇ ಸುದ್ದಿ. ಸಲಹೆ ಕೊಡುವ ಕೆಲಸ ಹಾಗಲ್ಲ. ಅಲ್ಲಿ ಒಬ್ಬೊಬ್ಬರ ನೋವು ಒಂದೊಂದು.

ಎರಡನೆಯದು, ಕೇಳುವ ಮೊದಲು ಕೊಟ್ಟಳು. ಆ 45 ದಿನದ ನಿಯಮ ನಾನು ಅವಳನ್ನು ಕರೆಯದಿದ್ದರೂ ನನಗೆ ಉಪಯೋಗವಾಗುತ್ತಿತ್ತು. ಗುಟ್ಟು ಬಿಟ್ಟುಕೊಟ್ಟರೆ ಗಿರಾಕಿ ತಾನೇ ಮಾಡಿಕೊಳ್ಳುತ್ತಾನೆ ಎಂದು ನೀವು ಹೆದರುತ್ತೀರಿ. ಇಲ್ಲ ಸ್ವಾಮಿ! ವಿಷಯ ತಿಳಿದವರು ಯಾರು ಎಂದು ಗೊತ್ತಾದ ಮೇಲೆ ಅವರಲ್ಲಿಗೇ ಹೋಗುತ್ತಾನೆ.

ಮೂರನೆಯದು, ಸಣ್ಣದು ಕೇಳಿದಳು. ಹತ್ತು ನಿಮಿಷ, 500 ರೂಪಾಯಿ. ವರ್ಷದ ಕರಾರು ಕೇಳಲಿಲ್ಲ. ಇದು ನಮ್ಮ ಜಿಲ್ಲೆಯ ಹಳೆಯ ಬುದ್ಧಿ. ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಾಗ ಏನು ಮಾಡಿತು? ಬಡವರನ್ನು ಬ್ಯಾಂಕಿಗೆ ಬನ್ನಿ ಎನ್ನಲಿಲ್ಲ. ಏಜೆಂಟರೇ ಮನೆ ಬಾಗಿಲಿಗೆ ಹೋದರು. ನೂರು ಕೊಡಿ ಎನ್ನಲಿಲ್ಲ, ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು ಎಂದರು. ಎರಡಾಣೆಗೆ ಯಾರು ಇಲ್ಲ ಎನ್ನುತ್ತಾರೆ? ನಿಮ್ಮ ಮೊದಲ ಪತ್ರದಲ್ಲಿ ನೀವು ಕೇಳಬೇಕಾದದ್ದು ಆ ಎರಡಾಣೆ ಮಾತ್ರ.

ನಾಲ್ಕನೆಯದು, ಆಗದ್ದನ್ನು ಆಗದು ಎಂದಳು. ಹಳೆಯ ಬಾಕಿಗೆ ಇದು ಹಿಡಿಯುವುದು ಕಷ್ಟ ಎಂದು ಅವಳು ಬರೆಯದಿದ್ದರೆ ನಾನು ಇನ್ನೂ ಬೇಗ ಕರೆಯುತ್ತಿದ್ದೆ, ನಿಜ. ಆದರೆ ಎರಡನೇ ಸಲ ಕರೆಯುತ್ತಿರಲಿಲ್ಲ. ‘ನೂರಕ್ಕೆ ನೂರು ಗ್ಯಾರಂಟಿ’ ಎಂದು ನನ್ನಲ್ಲಿ ಅಚ್ಚು ಹಾಕಿಸಿದವರು ತುಂಬ ಜನ. ಅವರಲ್ಲಿ ಎರಡನೇ ಬಿಲ್ ಪುಸ್ತಕಕ್ಕೆ ಬಂದವರು ಎಷ್ಟು ಎಂದು ಕೇಳಬೇಡಿ.

ಆ ಹುಡುಗ ಹೀಗೆ ಬರೆದಿದ್ದರೆ?

ಈಗ ಬೈಂದೂರಿನ ಆ ಹುಡುಗನ ಪತ್ರವನ್ನು ನಾವೇ ಬರೆದು ನೋಡೋಣ. ಅಂದು ನಾನು ಹೇಳಬೇಕಿದ್ದದ್ದು ಇದು:

‘ಮಾನ್ಯರೇ, ನಿಮ್ಮ ಗೇರುಬೀಜ ಕಾರ್ಖಾನೆಯ ಮೆಸ್ಕಾಂ ಬಿಲ್ಲನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ಪವರ್ ಫ್ಯಾಕ್ಟರ್ ಎಂದು ಒಂದು ಲೆಕ್ಕ ಇರುತ್ತದೆ. ಅದು ನಿಗದಿಗಿಂತ ಕಡಿಮೆಯಾದರೆ ನೀವು ಉರಿಸಿದ ಕರೆಂಟಿನ ಹಣದ ಮೇಲೆ ದಂಡವೂ ಬೀಳುತ್ತದೆ. ಸರಿಯಾದ ಕೆಪಾಸಿಟರ್ ಕೂರಿಸಿದರೆ ಆ ದಂಡ ನಿಲ್ಲಿಸಬಹುದು. ನಾನು ಬೈಂದೂರಿನವನು, ಬೆಂಗಳೂರಿನಲ್ಲಿ ನಾಲ್ಕು ವರ್ಷ ಇದೇ ಕೆಲಸ ಮಾಡಿದ್ದೇನೆ. ಕಳೆದ ಮೂರು ತಿಂಗಳ ಬಿಲ್ಲು ತೋರಿಸಿದರೆ ನಿಮಗೆ ದಂಡ ಬೀಳುತ್ತಿದೆಯೋ ಇಲ್ಲವೋ ಅಲ್ಲೇ ಹೇಳುತ್ತೇನೆ, ಅದಕ್ಕೆ ಹಣ ಬೇಡ. ಶನಿವಾರ ಬೆಳಿಗ್ಗೆ ಬರಲೇ?’

ಇದಕ್ಕೆ ಆರ್ಟ್ ಪೇಪರ್ ಬೇಕೇ? ನಾಲ್ಕು ಬಣ್ಣ ಬೇಕೇ? ನನ್ನ ಗೇರುಬೀಜದ ಮಾಲೀಕರು ಇದನ್ನು ಓದಿದ್ದರೆ ಶನಿವಾರದವರೆಗೆ ಕಾಯುತ್ತಿರಲಿಲ್ಲ. ‘ನಾಳೆಯೇ ಬನ್ನಿ ಮಾರಾಯ್ರೆ, ಕಾಂಬ’ ಎಂದು ಫೋನು ಮಾಡುತ್ತಿದ್ದರು. ಆ ಹುಡುಗ ಇವತ್ತು ಈ ಸಭೆಯಲ್ಲಿ ನನ್ನ ಬದಲು ಮಾತಾಡುತ್ತಿದ್ದ.

ಯಾವ ಭಾಷೆಯಲ್ಲಿ?

ಕನ್ನಡದಲ್ಲಿ. ಇದು ಅಭಿಮಾನದ ಮಾತು ಮಾತ್ರವಲ್ಲ, ವ್ಯಾಪಾರದ ಮಾತು.

1836ರಲ್ಲಿ ಜರ್ಮನಿಯಿಂದ ಹರ್ಮನ್ ಮೋಗ್ಲಿಂಗ್ ಎಂಬ ಪಾದ್ರಿ ಮಂಗಳೂರಿಗೆ ಬಂದ. ನಮ್ಮ ಜನರನ್ನು ಮುಟ್ಟಬೇಕು ಎಂಬುದು ಅವನ ಉದ್ದೇಶ. ಜರ್ಮನ್ ಭಾಷೆಯಲ್ಲಿ ಬರೆದನೇ? ಆಳುತ್ತಿದ್ದವರ ಇಂಗ್ಲಿಷಿನಲ್ಲಿ ಬರೆದನೇ? ಕೂತು ಕನ್ನಡ ಕಲಿತ. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತಂದ. ಕನ್ನಡದ ಮೊದಲ ಪತ್ರಿಕೆ ಅದು. ಮುಟ್ಟಬೇಕಾದವರ ಭಾಷೆಯನ್ನು ಏಳು ಸಮುದ್ರದಾಚೆಯಿಂದ ಬಂದವನು ಕಲಿತ. ನಾವೋ, ತಾಯಿ ಕಲಿಸಿದ ಭಾಷೆಯನ್ನು ಮನೆಯಲ್ಲಿಟ್ಟು, ಹಟ್ಟಿಯಂಗಡಿಯ ಅಕ್ಕಿ ಮಿಲ್ಲಿನವರಿಗೆ ಇಂಗ್ಲಿಷಿನಲ್ಲಿ ಬರೆಯುತ್ತೇವೆ!

ಆದರೆ ಕನ್ನಡ ಎಂದ ಕೂಡಲೇ ‘ಘನತೆವೆತ್ತ ತಮ್ಮ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂದು ಸುರು ಮಾಡಬೇಡಿ. ಅದೂ ಇಂಗ್ಲಿಷಿನಷ್ಟೇ ದೂರ. ಜಿ.ಎಸ್.ಟಿ.ಗೆ ಜಿ.ಎಸ್.ಟಿ. ಎಂದೇ ಬರೆಯಿರಿ, ಬಿಲ್ಲಿಗೆ ಬಿಲ್ಲು ಎಂದೇ ಬರೆಯಿರಿ. ಅಂಗಡಿಯ ಗಲ್ಲೆಯ ಮುಂದೆ ನಿಂತು ಹೇಗೆ ಮಾತಾಡುತ್ತೀರೋ ಅದನ್ನೇ ಸ್ವಲ್ಪ ಮರ್ಯಾದೆ ಸೇರಿಸಿ ಬರೆಯಿರಿ. ಬರೆದ ಮೇಲೆ ಗಟ್ಟಿಯಾಗಿ ಓದಿ, ನಿಮ್ಮ ಅಮ್ಮನಿಗೆ ಕೇಳಿಸಿ. ಅಮ್ಮ ‘ಎಂತ ಅದು?’ ಎಂದು ಕೇಳಿದ ಕಡೆ ತಿದ್ದಿ. ನಾನು ಕಂಡದ್ದರಲ್ಲಿ ಅಮ್ಮನಿಗಿಂತ ಒಳ್ಳೆಯ ಕರಡು ತಿದ್ದುವವರು ಇಲ್ಲ.

ಕನ್ನಡದಲ್ಲಿ ಬರೆದರೆ ಗಿರಾಕಿ ಮೂರು ತಾಲೂಕಿನೊಳಗೇ ಉಳಿಯುತ್ತಾನೆ ಎನ್ನುವ ಹೆದರಿಕೆ ಕೆಲವರಿಗೆ. ನಮ್ಮವರು ಎಲ್ಲೆಲ್ಲಿ ಇದ್ದಾರೆ ಎಂದು ಮರೆತಿರಾ? 1924ರಲ್ಲಿ ಬೆಂಗಳೂರಿನಲ್ಲಿ ಸುರುವಾದ ಎಂ.ಟಿ.ಆರ್. ಯಾರದ್ದು? ಕೋಟದ ಹತ್ತಿರದ ಪಾರಂಪಳ್ಳಿಯ ಮಯ್ಯರದ್ದು. ಬೆಂಗಳೂರು, ಮುಂಬಯಿ, ಹುಬ್ಬಳ್ಳಿ, ಎಲ್ಲಿ ಹೋದರೂ ನಮ್ಮ ಕಡೆಯವರ ಹೋಟೆಲುಗಳಿವೆ. ಅವರ ಮೇಜಿಗೆ ದಿನಾ ಇಂಗ್ಲಿಷ್ ಪತ್ರಗಳು ಬಂದು ಬೀಳುತ್ತವೆ. ಅವುಗಳ ನಡುವೆ ಊರಿನ ಕನ್ನಡದಲ್ಲಿ, ಅವರ ಹೋಟೆಲಿನ ವಿಷಯವೇ ಬರೆದ ಅರ್ಧ ಪುಟ ಬಂದರೆ ಯಾವುದನ್ನು ಮೊದಲು ಬಿಚ್ಚುತ್ತಾರೆ? ನೀವೇ ಹೇಳಿ. ಕನ್ನಡ ಬಾರದವರಿಗೆ ಬರೆಯುವಾಗ ಅವರ ಭಾಷೆಯಲ್ಲಿ ಬರೆಯಿರಿ, ತಕರಾರಿಲ್ಲ. ಸೂತ್ರ ಅದೇ: ಓದುವವರ ಭಾಷೆ.

ಯಾವಾಗ ಬರೆಯಬೇಕು?

ಹೊತ್ತು ನೋಡಿ ಬರೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೋಟಿನವರಿಗೆ ಕಾಗದಪತ್ರ ನೋಡಲು, ಹೊಸದನ್ನು ಯೋಚಿಸಲು ಪುರುಸೊತ್ತು ಸಿಗುವುದು ಆಗ. ಆಗಸ್ಟಿನಲ್ಲಿ ಬರೆದರೆ ನಿಮ್ಮ ಪತ್ರ ಬಲೆಯ ಅಡಿಗೆ ಹೋಗುತ್ತದೆ. ಕೊಲ್ಲೂರಿನ ಲಾಡ್ಜಿನವರಿಗೆ ನವರಾತ್ರಿಯಲ್ಲಿ ಬರೆಯಬೇಡಿ, ಅವರಿಗೆ ಉಸಿರಾಡಲು ಸಮಯ ಇರುವುದಿಲ್ಲ. ತಿಂಗಳು ತಿಂಗಳು ಜಿ.ಎಸ್.ಟಿ. ತುಂಬುವ ಅಂಗಡಿಯವರಿಗೆ 11ನೇ ತಾರೀಕು ಮತ್ತು 20ನೇ ತಾರೀಕು ತಲೆಬಿಸಿಯ ದಿನಗಳು. ಅದು ಕಳೆದು ಎರಡು ದಿನ ಬಿಟ್ಟು ಬರೆಯಿರಿ. ಆಗ ಆ ನೋವು ಇನ್ನೂ ಹಸಿಯಾಗಿರುತ್ತದೆ!

ಉತ್ತರ ಬಾರದಿದ್ದರೆ? ಹತ್ತು ದಿನ ಬಿಟ್ಟು ಒಂದು ಸಲ ನೆನಪಿಸಿ, ಅದರಲ್ಲೂ ಒಂದು ಹೊಸ ಉಪಯೋಗದ ಮಾತಿರಲಿ. ಆಮೇಲೂ ಬಾರದಿದ್ದರೆ ಬಿಟ್ಟುಬಿಡಿ. ಮೂರನೆಯದು ಪತ್ರವಲ್ಲ, ಪೀಡೆ. ಬೇಡ ಎಂದವರಿಗೆ ಒಂದು ಸಾಲು ಧನ್ಯವಾದ ಬರೆಯಿರಿ. ಇದು ಸಣ್ಣ ಊರು. ಇವತ್ತು ಬೇಡ ಎಂದವರು ನಾಳೆ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿರುತ್ತಾರೆ.

ವಾಟ್ಸಾಪಿನಲ್ಲಿ ಕಳಿಸಬಹುದೇ ಎಂದು ಕೇಳುತ್ತೀರಿ. ಕಳಿಸಿ, ಆದರೆ ಒಬ್ಬರಿಗೆ ಒಂದರಂತೆ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಇನ್ನೂರು ಜನರಿಗೆ ಒತ್ತಿದರೆ, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಬರೆದುಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಗುರುತಿಲ್ಲದ ಹೊಸ ಗಿರಾಕಿ ನಿಮ್ಮ ನಂಬರು ಯಾಕೆ ಇಟ್ಟುಕೊಂಡಿರುತ್ತಾನೆ?

ಇನ್ನೊಂದು ಎಚ್ಚರಿಕೆ. ನಿಮ್ಮಲ್ಲಿ ವಕೀಲರು, ಚಾರ್ಟರ್ಡ್ ಅಕೌಂಟೆಂಟರು ಇದ್ದರೆ, ಕೆಲಸ ಕೇಳಿಕೊಂಡು ಹೀಗೆ ಪತ್ರ ಬರೆಯುವುದಕ್ಕೆ ನಿಮ್ಮ ವೃತ್ತಿಯ ನಿಯಮದಲ್ಲಿ ತಡೆ ಇದೆ. ನನ್ನ ಮಾತು ಕೇಳಿ ತೊಂದರೆಗೆ ಸಿಕ್ಕಿಕೊಳ್ಳಬೇಡಿ. ನಿಮ್ಮ ದಾರಿ ಬೇರೆ. ಕನ್ನಡದಲ್ಲಿ ತಿಳುವಳಿಕೆಯ ಲೇಖನ ಬರೆಯುವುದಕ್ಕೂ ನಿಯಮದ ಮಿತಿ ನೋಡಿಕೊಂಡೇ ಮುಂದುವರಿಯಿರಿ.

ನನ್ನ ಒಂದು ಮಾತು

ಮಿತ್ರರೇ, ಕೊನೆಯ ಮಾತು. ಕಾರ್ಡು ಮಾಡಿಸಿ, ಲೆಟರ್‌ಹೆಡ್ ಮಾಡಿಸಿ ಎಂದು ಹೇಳಬೇಕಾದವನು ನಾನು. ನನ್ನ ಹೊಟ್ಟೆಪಾಡು ಅದು. ಆದರೂ ಹೇಳುತ್ತೇನೆ, ಈಗಲೇ ಮಾಡಿಸಬೇಡಿ! ಮೊದಲು ಹತ್ತು ಹೆಸರು ಬರೆಯಿರಿ. ಹತ್ತೇ ಹತ್ತು. ಆ ಹತ್ತು ಜನರ ಅಂಗಡಿಯ ಮುಂದೆ ಹೋಗಿ ನಿಂತು ನೋಡಿ, ಗಿರಾಕಿಯಾಗಿ ಒಳಗೆ ಹೋಗಿ, ಅವರ ತೊಂದರೆ ಏನು ಎಂದು ತಿಳಿಯಿರಿ. ದಿನಕ್ಕೊಂದರಂತೆ ಹತ್ತು ದಿನ ಹತ್ತು ಪತ್ರ ಬರೆಯಿರಿ. ಹತ್ತಕ್ಕೆ ಹತ್ತೂ ಫಲ ಕೊಡುವುದಿಲ್ಲ. ಒಬ್ಬರು ಕರೆದರೂ ಅದು ಆ ಹುಡುಗನ ಸಾವಿರ ಪತ್ರಕ್ಕಿಂತ ಹೆಚ್ಚು.

ಬರೆದ ಪತ್ರವನ್ನು ಕಳಿಸುವ ಮುಂಚೆ ನಮ್ಮ ಪ್ರೆಸ್ಸಿಗೆ ತನ್ನಿ. ಸಂಜೆ ಆರರ ಮೇಲೆ ಯಂತ್ರ ನಿಂತಿರುತ್ತದೆ. ಕೂತು ಓದುತ್ತೇನೆ, ಸರಿ ಇಲ್ಲದಿದ್ದರೆ ಮುಖಕ್ಕೆ ಹೇಳುತ್ತೇನೆ. ಅದಕ್ಕೆ ಹಣ ಬೇಡ. ಒಬ್ಬ ಹುಡುಗನಿಗೆ ಹೇಳಬೇಕಿದ್ದಾಗ ಹೇಳಲಿಲ್ಲ, ಆ ಸಾಲ ನನ್ನ ಮೇಲಿದೆ. ಮೂರನೇ ಗಿರಾಕಿ ಸಿಕ್ಕಿದ ದಿನ ಬಂದು ಕಾರ್ಡು ಮಾಡಿಸಿ. ನಾನು ಕಾಯುತ್ತಿರುವುದು ಅದಕ್ಕಲ್ಲ. ನೀವು ಎರಡನೇ ಬಿಲ್ ಪುಸ್ತಕಕ್ಕೆ ಬರುವ ದಿನಕ್ಕೆ!

ಊರು ಬಿಟ್ಟು ಹೋಗುವವರನ್ನು ತಡೆಯಲು ನಮ್ಮಲ್ಲಿ ದೊಡ್ಡ ಕಂಪೆನಿ ಇಲ್ಲದಿರಬಹುದು. ಆದರೆ ಕೆಲಸ ಇದೆ, ಕೆಲಸ ಬಲ್ಲವರೂ ಇದ್ದಾರೆ. ಇವರಿಬ್ಬರ ನಡುವೆ ಇರುವುದು ಅರ್ಧ ಪುಟ ಒಳ್ಳೆಯ ಕನ್ನಡ. ಅಷ್ಟನ್ನು ಬರೆಯಲು ನಮಗೆ ಬಾರದೇ?